ಹಾಕಿಸಿಕೊಳ್ಳದ ಕಾಪರ್-ಟಿ

2018ರ ಜೂನ್ ತಿಂಗಳ ಒಂದು ಬುಧವಾರ, ಮುಂಬಯಿಯ ಪರೇಲಿನ ನಗರಪಾಲಿಕೆ ಆಸ್ಪತ್ರೆಯೊಂದರ ಸೋನೋಗ್ರಫಿ ಕೋಣೆಯಲ್ಲಿ ನಾನು ಮಲಗಿದ್ದೆ. ಪರದೆಯ ಮೇಲೆ ಕಣ್ಣಿಟ್ಟಿದ್ದ ತರುಣ ವೈದ್ಯೆ ಒಮ್ಮೆಲೇ ಕೈ ನಿಲ್ಲಿಸಿ, "ಕಾಪರ್-ಟಿ ಕಧೀ ಬಸವಲೀ?" ಎಂದು ಕೇಳಿದರು. ಹಾಕಿಸಿಕೊಂಡಿದ್ದೀರಾ ಎಂದಲ್ಲ, ಯಾವಾಗ ಹಾಕಿಸಿಕೊಂಡಿರಿ ಎಂದು. ಮಗುವಿಗಾಗಿ ಆರು ವರ್ಷಗಳಿಂದ ಕಾಯುತ್ತಿದ್ದ ನನಗೆ ಆ ಪ್ರಶ್ನೆ ಮೊದಲು ಅರ್ಥವಾಗಲೇ ಇಲ್ಲ. ಇಲ್ಲ ಎಂದೆ. ಅವರು ಇನ್ನೊಮ್ಮೆ ಕೇಳಿದರು. ನಾನು ಇನ್ನೊಮ್ಮೆ ಇಲ್ಲ ಎಂದೆ. ಆಗ ಅವರು ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಬೂದಿ ಬಣ್ಣದ ಗರ್ಭಕೋಶದ ನಟ್ಟನಡುವೆ ಸುಣ್ಣದಲ್ಲಿ ಎಳೆದಂತಹ ಬಿಳಿ ಗೆರೆಯೊಂದು ಹೊಳೆಯುತ್ತಿತ್ತು. ಅದರ ಹಿಂದೆ ಕಪ್ಪು ನೆರಳು ಬಿದ್ದಿತ್ತು. ಲೋಹವೋ ಕಲ್ಲೋ ಮೂಳೆಯೋ ಅಡ್ಡ ಬಂದು ಧ್ವನಿತರಂಗಗಳು ಮುಂದೆ ಹೋಗದಿದ್ದಾಗ ಹೀಗೆ ನೆರಳು ಬೀಳುತ್ತದೆಂದು ಅವರು ವಿವರಿಸಿದರು. ಕೊಟ್ಟ ಚೀಟಿಯಲ್ಲಿ ಮಾತ್ರ "ಐಯುಸಿಡಿ" ಎಂದು ಬರೆದು, ಮುಂದೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕಾಪರ್-ಟಿಯಂತಹ ಗರ್ಭನಿರೋಧಕ ಸಾಧನಗಳಿಗೆ ಆಸ್ಪತ್ರೆಯಲ್ಲಿರುವ ಹೆಸರು ಅದು.

ನಾವಿರುವುದು ಡೊಂಬಿವಲಿಯಲ್ಲಿ. ನಾನು ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ಶಿಕ್ಷಕಿ. ಇವರ ಮನೆ ಕುಂದಾಪುರದ ಕಡೆಯದು, ದಾದರಿನ ಹೋಟೆಲೊಂದರಲ್ಲಿ ಲೆಕ್ಕ ಬರೆಯುತ್ತಾರೆ. 2010ರಲ್ಲಿ ನಮ್ಮ ಮದುವೆಯಾಯಿತು. 2012ರ ಮೇ ರಜೆಯಲ್ಲಿ ಊರಿಗೆ ಹೋದಾಗ ನನ್ನ ಬಸಿರಿಗೆ 17 ವಾರ ತುಂಬಿತ್ತು. ಒಂದು ರಾತ್ರಿ ರಕ್ತಸ್ರಾವ ಆರಂಭವಾಗಿ, ಬೆಳಗಾಗುವುದರೊಳಗೆ ಎಲ್ಲವೂ ಮುಗಿದುಹೋಯಿತು. ಅಲ್ಲಿಯ ಸಣ್ಣ ಆಸ್ಪತ್ರೆಯೊಂದರಲ್ಲಿ "ಕ್ಲೀನ್ ಮಾಡಿದ್ದೇವೆ" ಎಂದು ಹೇಳಿ ಮೂರನೆಯ ದಿನ ಮನೆಗೆ ಕಳುಹಿಸಿದರು. ಅವರು ಕೊಟ್ಟಿದ್ದ ಚೀಟಿ ಊರಿನ ಮನೆಯ ಯಾವುದೋ ಪೆಟ್ಟಿಗೆಯಲ್ಲಿ ಉಳಿದುಹೋಯಿತು. ನಾವು ಮುಂಬಯಿಗೆ ಹೊರಟ ದಿನ ಅತ್ತೆಯವರು ಬಸ್ಸಿನ ಹತ್ತಿರ ನನ್ನ ಕೈ ಹಿಡಿದುಕೊಂಡು, "ಅದನ್ನ ಯಾರ ಹತ್ರವೂ ಹೇಳ್ಬೇಡ ಮಗಾ, ಮುಂದಿನದಕ್ಕೆ ಒಳ್ಳೇದಲ್ಲ" ಎಂದರು. ಅವರು ಕೆಟ್ಟವರೆಂದು ಯಾರೂ ಭಾವಿಸಬಾರದು. ಸ್ವತಃ ಎರಡು ಕಳೆದುಕೊಂಡವರು, ಅವೆರಡನ್ನೂ ಬಾಯಿಬಿಡದೆ ನುಂಗಿಕೊಂಡು ನಾಲ್ವರನ್ನು ಹೆತ್ತು ಸಾಕಿದವರು. ತಮಗೆ ಫಲ ಕೊಟ್ಟಿದೆಯೆಂದು ನಂಬಿದ್ದ ಉಪಾಯವನ್ನೇ ನನಗೂ ಹೇಳಿಕೊಟ್ಟರು.

ಎರಡು ವರ್ಷ ಕಾದ ಮೇಲೆ, 2014ರಲ್ಲಿ, ಮನೆಗೆ ಹತ್ತಿರದ ಖಾಸಗಿ ಕ್ಲಿನಿಕ್ಕಿಗೆ ಹೋದೆವು. ಆ ವೇಳೆಗೆ ಮಾವನವರು ತೀರಿಕೊಂಡು ಅತ್ತೆ ನಮ್ಮೊಡನೆಯೇ ಇದ್ದರು. ಕ್ಲಿನಿಕ್ಕಿನವರು ತುಂಬಲು ಕೊಟ್ಟ ಅರ್ಜಿಯಲ್ಲಿ ಹಿಂದಿನ ಗರ್ಭಧಾರಣೆಗಳ ಬಗ್ಗೆ ಒಂದು ಕಲಂ ಇತ್ತು. ಅತ್ತೆ ಪಕ್ಕದಲ್ಲೇ ಕುಳಿತಿದ್ದರು. ಅರ್ಜಿಯ ಇಂಗ್ಲಿಷ್ ಅವರಿಗೆ ಓದಲು ಬರುತ್ತಿರಲಿಲ್ಲವಾದರೂ ನಾನು "ಇಲ್ಲ" ಎಂದೇ ಬರೆದೆ. ಮಕ್ಕಳು ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆದರೆ ಗದರುವ ನಾನು, ಆ ದಿನ ಪ್ರಶ್ನೆಯನ್ನು ಪೂರ್ತಿ ಓದಿಯೇ ತಪ್ಪು ಉತ್ತರ ಬರೆದೆ.

ಆ ಒಂದು ಪದದ ಬೆಲೆ ಏನೆಂಬುದು ನನಗೆ ಬಹಳ ತಡವಾಗಿ ತಿಳಿಯಿತು. ಎಂದೂ ಗರ್ಭ ನಿಲ್ಲದವಳನ್ನೂ, ಒಮ್ಮೆ ನಿಂತು ಆಮೇಲೆ ನಿಲ್ಲದವಳನ್ನೂ ವೈದ್ಯರು ಒಂದೇ ದೃಷ್ಟಿಯಿಂದ ನೋಡುವುದಿಲ್ಲ. ಎರಡನೆಯವಳ ವಿಷಯದಲ್ಲಿ ಅವರು ಮೊದಲು ಹುಡುಕುವುದು ನಡುವೆ ಏನಾಯಿತು ಎಂಬುದನ್ನು: ಸೋಂಕು ತಗುಲಿತೇ, ನಾಳ ಮುಚ್ಚಿತೇ, ಕ್ಲೀನ್ ಮಾಡುವಾಗ ಒಳಪದರಕ್ಕೆ ಗಾಯವಾಗಿ ಗೋಡೆಗಳು ಒಂದಕ್ಕೊಂದು ಅಂಟಿಕೊಂಡವೇ, ಏನಾದರೂ ಒಳಗೆ ಉಳಿದಿದೆಯೇ. ನನ್ನ ವಿಷಯದಲ್ಲಿ ಅದನ್ನು ಯಾರೂ ಹುಡುಕದಂತೆ ಮಾಡಿದವಳು ನಾನೇ.

ಮುಂದಿನ ಮೂರು ವರ್ಷಗಳನ್ನು ವಿವರವಾಗಿ ಬರೆಯುವುದರಲ್ಲಿ ಅರ್ಥವಿಲ್ಲ. ಆ ದಾರಿಯಲ್ಲಿ ನಡೆದವರಿಗೆಲ್ಲ ಅದು ಬಾಯಿಪಾಠ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಅಂಡಗಳ ಸಂಗ್ರಹ ತಿಳಿಸುವ ಎಎಂಎಚ್, ಈ ಹಾರ್ಮೋನುಗಳೆಲ್ಲ ಸರಿಯಾಗಿದ್ದವು. ಇವರ ವೀರ್ಯ ಪರೀಕ್ಷೆಯೂ ಸರಿಯಾಗಿತ್ತು. ಅಂಡ ಬೆಳೆಸುವ ಲೆಟ್ರೊಜೋಲ್ ಮಾತ್ರೆ ನುಂಗಿ, ಅಂಡಕೋಶದ ಕೋಶಿಕೆ 18 ಮಿಲಿಮೀಟರಿಗೆ ಬೆಳೆಯಿತೇ 20ಕ್ಕೆ ಬೆಳೆಯಿತೇ ಎಂದು ಅಳೆಸಿಕೊಳ್ಳಲು ಮುಟ್ಟಾದ ಹತ್ತನೆಯ, ಹನ್ನೆರಡನೆಯ, ಹದಿನಾಲ್ಕನೆಯ ದಿನ ಶಾಲೆಗೆ ಅರ್ಧ ರಜೆ ಹಾಕಿ ಓಡುತ್ತಿದ್ದೆ. 2015ರಲ್ಲಿ ಬಣ್ಣದ ದ್ರವ ಹಾಯಿಸಿ ತೆಗೆಯುವ ಎಚ್‌ಎಸ್‌ಜಿ ಎಕ್ಸ್‌ರೇ ಆಯಿತು; ಎರಡೂ ನಾಳಗಳು ತೆರೆದಿವೆ ಎಂದರು. 2016ರಲ್ಲಿ ಮೂರು ಬಾರಿ ಐಯುಐ, ಅಂದರೆ ವೀರ್ಯವನ್ನು ನೇರವಾಗಿ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆ, ಮಾಡಿಸಿದೆವು. ಪ್ರತಿ ತಿಂಗಳೂ ಮುಟ್ಟು ಗಡಿಯಾರದಂತೆ ತಪ್ಪದೆ ಬರುತ್ತಿತ್ತು. ಮುಟ್ಟಿನ ಎರಡನೆಯ ದಿನ ಕೆಳಹೊಟ್ಟೆಯಲ್ಲಿ ಹಿಂಡುವ ನೋವು, ನಡುವಿನ ದಿನಗಳಲ್ಲಿ ನೀರಿನಂತಹ ಬಿಳುಪು, ಇವೆರಡೂ 2012ರ ನಂತರವೇ ಬಂದವು. "ಎಲ್ಲರಿಗೂ ಆಗುತ್ತದೆ" ಎಂಬ ಉತ್ತರ ಸಿಕ್ಕ ಮೇಲೆ ಅದನ್ನು ಹೇಳುವುದನ್ನೂ ಬಿಟ್ಟೆ. ಕೊನೆಗೆ ನನ್ನ ಕಡತದ ಮೇಲೆ "ಕಾರಣ ತಿಳಿಯದ ಬಂಜೆತನ" ಎಂದು ಬರೆದು, ಐವಿಎಫ್, ಅಂದರೆ ಪ್ರನಾಳ ಶಿಶು ಚಿಕಿತ್ಸೆ, ಮಾಡಿಸಿ ಎಂದರು. ಖರ್ಚು ಎರಡು ಲಕ್ಷದ ಸಮೀಪ. ಇವರು ಪಿಎಫ್ ತೆಗೆಯುವುದಕ್ಕೂ ಸಿದ್ಧರಾದರು. 1986ರ ಆಗಸ್ಟಿನಲ್ಲಿ ಡಾ. ಇಂದಿರಾ ಹಿಂದುಜಾ ಅವರ ತಂಡ ಇದೇ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ಪ್ರನಾಳ ಶಿಶುವಿನ ಹೆರಿಗೆ ಮಾಡಿಸಿದ ಸಂಗತಿಯನ್ನು ಎಲ್ಲಿಯೋ ಓದಿ, "ಮೂವತ್ತು ವರ್ಷದ ಹಿಂದೆಯೇ ಆಗಿದೆಯಂತೆ, ಈಗ ನಮಗೇಕೆ ಆಗುವುದಿಲ್ಲ?" ಎನ್ನುತ್ತಿದ್ದರು.

ಹಣ ಕಟ್ಟುವ ಮೊದಲು ಒಮ್ಮೆ ಪರೇಲಿಗೆ ಹೋಗಿ ತೋರಿಸಿ ಎಂದವರು ನಮ್ಮ ಶಾಲೆಯ ಕಟ್ಟಡದಲ್ಲೇ ನಡೆಯುವ ಮರಾಠಿ ಶಾಲೆಯ ಶಿಕ್ಷಕಿಯೊಬ್ಬರು. ಬೆಳಗಿನ ಐದೂವರೆಯ ಲೋಕಲ್ ಹಿಡಿದು ಹೋಗಿ, ಸರತಿಯಲ್ಲಿ ನಿಂತು, 10 ರೂಪಾಯಿಗೆ ಕೇಸ್ ಪೇಪರ್ ಮಾಡಿಸಿದೆವು. ಅಲ್ಲಿಯೂ ಅತ್ತೆ ಜೊತೆಗಿದ್ದರು, ಅಲ್ಲಿಯೂ ನಾನು "ಇಲ್ಲ" ಎಂದೇ ಹೇಳಿದೆ. ಆ ಕೇಸ್ ಪೇಪರಿನ ಮೇಲೆಯೇ ನನ್ನನ್ನು ಸೋನೋಗ್ರಫಿಗೆ ಕಳುಹಿಸಿದ್ದು.

ಆ ದಿನ ಮರಳುವಾಗ ಲೋಕಲ್‌ನಲ್ಲಿ ಯಾರೂ ಮಾತನಾಡಲಿಲ್ಲ. ಚೀಟಿಯಲ್ಲಿ ಏನಿದೆಯೆಂದು ಇವರು ಅತ್ತೆಗೆ ಹೇಳಲೇಬೇಕಾಗಿತ್ತು. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ದನಿ ಏರಿಸದೆ, "ವಂಕಿ ಹಾಕ್ಸ್ಕಂಡಿದ್ಯಾ?" ಎಂದು ಕೇಳಿದರು. ವಂಕಿ ಎಂದರೆ ಅವರ ಮಾತಿನಲ್ಲಿ ಕಾಪರ್-ಟಿ. ಕೆಲಸ ಕಾಯಂ ಆಗುವವರೆಗೆ ಮಗು ಬೇಡವೆಂದು ನಾನೇ ಗುಟ್ಟಾಗಿ ಹಾಕಿಸಿಕೊಂಡು, ಇಷ್ಟು ವರ್ಷ ಅವರ ಮಗನ ದುಡ್ಡನ್ನು ನೀರಿನಂತೆ ಖರ್ಚು ಮಾಡಿಸಿದೆನೆಂಬ ಲೆಕ್ಕ ಅವರ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರನ್ನು ದೂರಲಾರೆ, ಯಂತ್ರವೇ ಹಾಗೆ ಹೇಳುತ್ತಿದೆಯಲ್ಲ. ನಾನು ಅಕ್ಕಿ ತೊಳೆಯುತ್ತಲೇ ಇದ್ದೆ, ನೀರು ತಿಳಿಯಾಗಿ ಎಷ್ಟೋ ಹೊತ್ತಾದ ಮೇಲೂ.

ರಾತ್ರಿ ಇವರು ಕತ್ತಲಲ್ಲಿ ಕೇಳಿದ ಪ್ರಶ್ನೆ ಬೇರೆಯಾಗಿತ್ತು. "ಅವತ್ತು ಊರಿನ ಆಸ್ಪತ್ರೆಯಲ್ಲಿ ಕ್ಲೀನ್ ಮಾಡಿದವರೇ, ನಮಗೆ ಹೇಳದೆ ಹಾಕಿ ಕಳುಹಿಸಿರಬಹುದೇ?" 2012ರ ನಂತರ ನಮ್ಮಿಬ್ಬರ ನಡುವೆ ಆ ದಿನದ ಮಾತು ಬಂದದ್ದು ಅದೇ ಮೊದಲು. ಅವರ ಊಹೆ ತಪ್ಪಾಗಿತ್ತು, ಆದರೆ ಅವರು ಬೆರಳಿಟ್ಟ ಜಾಗ ಸರಿಯಾಗಿತ್ತು. ನಾಳೆ ಡಾಕ್ಟರಿಗೆ ಎಲ್ಲವನ್ನೂ ಹೇಳಿಬಿಡೋಣ ಎಂದು ನಿಶ್ಚಯಿಸಿಕೊಂಡೆವು.

ಮುಂದಿನ ಒಪಿಡಿಯಲ್ಲಿ ಹಿರಿಯ ವೈದ್ಯೆಯೊಬ್ಬರು ನನ್ನನ್ನು ಒಬ್ಬಳನ್ನೇ ಪರದೆಯ ಆಚೆಗೆ ಕರೆದರು. ಒಳಪರೀಕ್ಷೆ ಮಾಡಿ, ಗರ್ಭಕೋಶದ ಬಾಯಿಯಲ್ಲಿ ಕಾಪರ್-ಟಿಯ ದಾರ ಕಾಣುತ್ತಿಲ್ಲವೆಂದರು. ದಾರ ಮೇಲೇರಿರಬಹುದೆಂದು ಎಕ್ಸ್‌ರೇ ಬರೆಯಲು ಪೆನ್ನು ಎತ್ತಿದಾಗ ನಾನು ಊರಿನ ಆ ರಾತ್ರಿಯ ಕಥೆಯನ್ನು ಹೇಳಿದೆ. ಅವರು ಗದರಲಿಲ್ಲ. "ಎಷ್ಟು ವಾರ?" ಎಂದು ಮಾತ್ರ ಕೇಳಿದರು. ಹದಿನೇಳು ಎಂದೆ. ಕೇಸ್ ಪೇಪರಿನಲ್ಲಿ ಮೊದಲಿದ್ದುದನ್ನು ಹೊಡೆದುಹಾಕಿ, ಒಮ್ಮೆ ಬಸಿರು, ಒಮ್ಮೆ ಗರ್ಭಪಾತ ಎಂಬುದನ್ನು ತಮ್ಮ ಸಂಕೇತಗಳಲ್ಲಿ ಬರೆದುಕೊಂಡು, "ಹಾಗಿದ್ದರೆ ಇದು ಮೂಳೆ ಇರಬಹುದು" ಎಂದರು.

ಗರ್ಭಕೋಶದಲ್ಲಿ ಮೂಳೆಯೇ? ನನ್ನ ಮುಖ ನೋಡಿ ಅವರು ಎರಡು ನಿಮಿಷ ಬಿಡುವು ಮಾಡಿಕೊಂಡು ವಿವರಿಸಿದರು. ಆ ಜನಸಂದಣಿಯ ಒಪಿಡಿಯಲ್ಲಿ ಎರಡು ನಿಮಿಷ ಸಣ್ಣದಲ್ಲ. ಮೂರು ತಿಂಗಳು ದಾಟಿದ ಭ್ರೂಣದಲ್ಲಿ ಮೂಳೆಗಳು ಮೂಡಿರುತ್ತವೆ. ತಡವಾದ ಗರ್ಭಪಾತದಲ್ಲಿ ಎಲ್ಲವೂ ಹೊರಗೆ ಬಂದಿದೆಯೆಂದು ಕಂಡರೂ ಚೂರೊಂದು ಒಳಪದರಕ್ಕೆ ಅಂಟಿ ಉಳಿಯಬಹುದು. ಹಾಗಲ್ಲದೆ, ಗರ್ಭಪಾತದ ನಂತರ ಬಹುಕಾಲ ಉಳಿದ ಉರಿಯೂತದಿಂದ ಗರ್ಭಕೋಶದ ಒಳಪದರದ ಜೀವಕೋಶಗಳೇ ತಮ್ಮ ಸ್ವಭಾವ ಬದಲಿಸಿ ಮೂಳೆಯಾಗುವುದೂ ಉಂಟು. ಅದಕ್ಕೆ ಆಸಿಯಸ್ ಮೆಟಾಪ್ಲೇಸಿಯಾ ಎಂದು ಹೆಸರು. ಎರಡೂ ಅಪರೂಪ. ಯಾವುದೇ ಆಗಿರಲಿ, ಒಳಗೆ ಕುಳಿತ ಆ ಚೂರು ಕಾಪರ್-ಟಿ ಮಾಡುವ ಕೆಲಸವನ್ನೇ ಮಾಡುತ್ತದೆ. ಪರಕೀಯ ವಸ್ತುವೊಂದು ಒಳಗಿದೆಯೆಂದು ಒಳಪದರ ಸದಾ ಕೆರಳಿರುತ್ತದೆ, ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ ಹೆಚ್ಚುತ್ತದೆ, ಭ್ರೂಣ ಬಂದರೂ ಅಲ್ಲಿ ನೆಲೆಯೂರುವುದಿಲ್ಲ. ನನ್ನ ಆ ನೋವು, ಆ ಬಿಳುಪು ಎರಡಕ್ಕೂ ಇದೇ ಕಾರಣವಿರಬಹುದೆಂದರು. ಐವಿಎಫ್ ವಿಷಯ ಕೇಳಿದೆ. "ಇದನ್ನು ಒಳಗೆ ಇಟ್ಟುಕೊಂಡೇ ಭ್ರೂಣ ತಂದು ಬಿಡುತ್ತಿದ್ದರೇ?" ಎಂದು ಅವರು ನನ್ನನ್ನೇ ಕೇಳಿದರು.

ಎಕ್ಸ್‌ರೇಯಲ್ಲಿ ಕಾಪರ್-ಟಿಯ ಆಕಾರವೇನೂ ಕಾಣಲಿಲ್ಲ. ಮಸುಕಾದ, ಅಂಕುಡೊಂಕಾದ ಒಂದೆರಡು ಗೆರೆಗಳಿದ್ದವು. ಆ ಚಿತ್ರವನ್ನು ಇವರು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ಅತ್ತೆಗೆ ತೋರಿಸಿದರು. ಅತ್ತೆ ಬಹಳ ಹೊತ್ತು ನೋಡಿದರು, ಏನೂ ಹೇಳಲಿಲ್ಲ. ಆ ರಾತ್ರಿ ನನಗೆ ಅವರೇ ಊಟ ಬಡಿಸಿದರು.

ಹಿಸ್ಟರೋಸ್ಕೋಪಿಗೆ, ಅಂದರೆ ದುರ್ಬೀನು ಹಾಕಿ ಗರ್ಭಕೋಶದ ಒಳಗನ್ನು ನೋಡುವ ಚಿಕಿತ್ಸೆಗೆ, ದಿನ ಸಿಗುವವರೆಗೆ ಆರು ವಾರ ಕಾಯಬೇಕಾಯಿತು. ಅಷ್ಟರಲ್ಲಿ ಒಪಿಡಿಯ ಬೆಂಚಿನ ಮೇಲೆ ನನಗೆ ಎರಡನೆಯ ಶಿಕ್ಷಣವೇ ಆಯಿತೆನ್ನಬೇಕು. ಮುಂಬಯಿ ಹತ್ತಿರದ ಕಳವಾ ಎಂಬ ಊರಿನಲ್ಲಿ ಇದ್ದ ಕಲಬುರಗಿಯ ಹುಡುಗಿಯೊಬ್ಬಳು ಮೂರು ಬಸಿರು ಕಳೆದುಕೊಂಡಿದ್ದಳು. ಅವಳ ಗರ್ಭಕೋಶದ ನಡುವೆ ಹುಟ್ಟಿನಿಂದಲೇ ಒಂದು ಗೋಡೆ ಇತ್ತು. ತಾಯಿಯ ಹೊಟ್ಟೆಯಲ್ಲಿರುವಾಗ ಎರಡು ನಾಳಗಳು ಕೂಡಿ ಒಂದು ಗರ್ಭಕೋಶವಾಗುತ್ತದಂತೆ, ಕೂಡಿದ ಮೇಲೆ ನಡುವಿನ ಗೋಡೆ ಕರಗಬೇಕಂತೆ, ಕೆಲವರಲ್ಲಿ ಅದು ಕರಗದೆ ಉಳಿಯುತ್ತದಂತೆ. ಅವಳದನ್ನೂ ಇದೇ ದುರ್ಬೀನಿನಿಂದ ಕತ್ತರಿಸುವವರಿದ್ದರು. "ಅಕ್ಕಾ, ನನ್ನದು ಗ್ವಾಡಿ, ನಿಮ್ಮದು ಎಲುಬು, ಮನಿ ಕಟ್ಟೂದಷ್ಟ ಬಾಕಿ" ಎಂದು ಅವಳು ನಕ್ಕಾಗ, ತಿಂಗಳುಗಳ ನಂತರ ನಾನೂ ನಕ್ಕೆ. ಇನ್ನೊಬ್ಬರಿಗೆ ಕ್ಯೂರೆಟಿಂಗ್, ಅಂದರೆ ಗರ್ಭಕೋಶ ಕೆರೆದು ಕ್ಲೀನ್ ಮಾಡುವುದು, ಆದ ಮೇಲೆ ಮುಟ್ಟೇ ನಿಂತಿತ್ತು, ಗೋಡೆಗಳು ಅಂಟಿಕೊಂಡಿದ್ದವು. ಜೋಸೆಫ್ ಆಶರ್‌ಮನ್ ಎಂಬ ವೈದ್ಯರು 1948ರಲ್ಲಿ ಅದನ್ನು ವಿವರಿಸಿದ್ದರಿಂದ ಅವರ ಹೆಸರೇ ಆ ಸ್ಥಿತಿಗೆ ಉಳಿದಿದೆ. ಮತ್ತೊಬ್ಬರಿಗೆ ಗರ್ಭಕೋಶದ ಕ್ಷಯ. ಆರು ತಿಂಗಳ ಔಷಧಿ ಮುಗಿಸಿದ್ದರೂ ಒಳಪದರ ಬಹಳ ಹಾಳಾಗಿದೆಯೆಂದು ಅವರಿಗೆ ಹೇಳಿದ್ದರು. ನಮ್ಮ ನಾಲ್ವರಲ್ಲಿ ಅವರೇ ಎಲ್ಲರಿಗಿಂತ ಮೊದಲು ಬಂದು, ಎಲ್ಲರಿಗೂ ಜಾಗ ಹಿಡಿದಿಡುತ್ತಿದ್ದರು. ಕಾರಣ ಸಿಕ್ಕ ಮಾತ್ರಕ್ಕೆ ಪರಿಹಾರವೂ ಸಿಕ್ಕಿತೆಂದಲ್ಲ ಎಂಬುದನ್ನು ಅವರ ಎದುರು ಕುಳಿತಾಗ ಮರೆಯಲು ಸಾಧ್ಯವಿರಲಿಲ್ಲ.

ಮುಟ್ಟು ನಿಂತ ಮೂರನೆಯ ದಿನ, ಒಳಪದರ ತೆಳುವಾಗಿರುವಾಗ, ನನ್ನನ್ನು ಆಪರೇಷನ್ ಕೋಣೆಗೆ ಒಯ್ದರು. ಬೆನ್ನಿಗೆ ಚುಚ್ಚಿ ಸೊಂಟದ ಕೆಳಗೆ ಮರಗಟ್ಟಿಸಿದ್ದರಿಂದ ನನಗೆ ಎಚ್ಚರವಿತ್ತು. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಸಪೂರವಾದ ದುರ್ಬೀನನ್ನು ಗರ್ಭಕೋಶದ ಬಾಯಿಯಿಂದಲೇ ಒಳಗೆ ಸೇರಿಸಿ, ಒಳಗಿನ ಜಾಗ ಅರಳುವಂತೆ ಸಲೈನ್ ಹರಿಸುತ್ತಾರೆ. ಕ್ಯೂರೆಟಿಂಗ್ ಕಣ್ಣು ಕಟ್ಟಿಕೊಂಡು ಕೆರೆಯುವ ಕೆಲಸ, ಗೋಡೆಗೆ ಕಚ್ಚಿ ಕುಳಿತ ಚೂರನ್ನು ಅದು ದಾಟಿ ಹೋಗಬಹುದು, ಇದು ನೋಡಿಕೊಂಡು ತೆಗೆಯುವ ಕೆಲಸ ಎಂದು ಮೊದಲೇ ಹೇಳಿದ್ದರು. ಗರ್ಭಕೋಶಕ್ಕೆ ತೂತು ಬೀಳುವ ಅಪಾಯ ಸ್ವಲ್ಪ ಇದೆಯೆಂದೂ, ಸ್ನಾಯುವಿನೊಳಗೆ ಆಳವಾಗಿ ಹೂತ ಚೂರಿದ್ದರೆ ಅದನ್ನು ಬಿಟ್ಟುಬಿಡುವುದೇ ಲೇಸೆಂದೂ ಹೇಳಿ ಸಹಿ ಮಾಡಿಸಿಕೊಂಡಿದ್ದರು. ಪಕ್ಕದ ಟಿವಿಯಲ್ಲಿ ನನ್ನ ಗರ್ಭಕೋಶದ ಒಳಗೋಡೆ ಕಂಡಿತು: ನಸುಗೆಂಪು, ಮೃದು, ನೀರಲ್ಲಿ ಅಲುಗುತ್ತಿರುವಂತಹದ್ದು. ಅದರ ಹಿಂಬದಿಯ ಗೋಡೆಯಲ್ಲಿ ಹಳದಿ ಮಿಶ್ರಿತ ಬಿಳಿಯ ಚೂರುಗಳು ಚುಚ್ಚಿಕೊಂಡಿದ್ದವು. ಸಣ್ಣ ಇಕ್ಕಳದಿಂದ ಒಂದೊಂದನ್ನೇ ಹಿಡಿದು ಹೊರಗೆ ತಂದರು. ಗಡಿಯಾರ ಎದುರಿಗೇ ಇತ್ತು. ಒಟ್ಟು 25 ನಿಮಿಷ. ಆಮೇಲೆ ದಾದಿ ತಂದು ತೋರಿಸಿದ ಬಾಟಲಿಯಲ್ಲಿ ಐದು ಚೂರುಗಳಿದ್ದವು. ನಾಲ್ಕು ಅಕ್ಕಿನುಚ್ಚಿನಷ್ಟು, ಒಂದು ಮಾತ್ರ ಬೆರಳಿನ ಉಗುರಿನಷ್ಟು ಉದ್ದ. ಬಂಗುಡೆಯ ಮುಳ್ಳಿನಂತೆ ಕಂಡವು. ಆ ಹೋಲಿಕೆ ಬೇಡವೆಂದು ಎಷ್ಟು ಅಂದುಕೊಂಡರೂ ಬೇರೆ ಯಾವುದೂ ತೋಚಲಿಲ್ಲ. ಆಮೇಲೆ ಬಹಳ ದಿನ ಮನೆಯಲ್ಲಿ ಬಂಗುಡೆ ತರಲು ನಾನು ಬಿಡಲಿಲ್ಲ.

ಹತ್ತು ದಿನದ ನಂತರ ಬಂದ ಪ್ರಯೋಗಾಲಯದ ವರದಿ ಅದು ಮೂಳೆಯೇ ಎಂದು ಖಚಿತಪಡಿಸಿತು. ಕ್ಷಯದ ಗುರುತೂ ಇರಲಿಲ್ಲ, ಕ್ಯಾನ್ಸರಿನ ಗುರುತೂ ಇರಲಿಲ್ಲ. ಎಲ್ಲರೂ ನಿಟ್ಟುಸಿರುಬಿಟ್ಟರು. ನನಗೆ ಮಾತ್ರ ಒಂದು ಪ್ರಶ್ನೆ ಉಳಿದಿತ್ತು, ಡಾಕ್ಟರನ್ನು ಕೇಳಿಯೇಬಿಟ್ಟೆ. ಅದು ಆ ಮಗುವಿನದೋ, ನನ್ನದೋ? ಚೂರಿನ ರಚನೆ ನೋಡಿ ಖಂಡಿತವಾಗಿ ಹೇಳಲು ಬರುವುದಿಲ್ಲ ಎಂದರು. ಬೇರೆ ದೇಶಗಳಲ್ಲಿ ಇಂತಹ ಕೆಲವು ಪ್ರಕರಣಗಳಲ್ಲಿ ಮೂಳೆಯ ಡಿಎನ್‌ಎಯನ್ನು ಹೋಲಿಸಿ ನೋಡಿದಾಗ ಅದು ತಾಯಿಯದೇ ಎಂದು ಕಂಡುಬಂದಿದೆಯಂತೆ. ಅಂದರೆ ಆ ಹೆಣ್ಣುಮಕ್ಕಳ ದೇಹವೇ ಅದನ್ನು ಕಟ್ಟಿತ್ತು. ನನ್ನದನ್ನು ಯಾರೂ ಹೋಲಿಸಲಿಲ್ಲ. ಚಿಕಿತ್ಸೆಗೆ ಅದರ ಅಗತ್ಯವೂ ಇರಲಿಲ್ಲ. ಯಾವ ಉತ್ತರ ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತೆಂದು ಈಗಲೂ ನನಗೆ ಹೇಳಲಾಗದು. ಕೆಲವು ರಾತ್ರಿ ಹಾಗೆ, ಕೆಲವು ರಾತ್ರಿ ಹೀಗೆ.

ಒಳಪದರ ಮತ್ತೆ ಬೆಳೆದು ಗಾಯ ಮುಚ್ಚಲಿ, ಗೋಡೆಗಳು ಅಂಟದಿರಲಿ ಎಂದು ಎರಡು ತಿಂಗಳು ಈಸ್ಟ್ರೊಜನ್ ಮಾತ್ರೆ ಕೊಟ್ಟರು, ಪ್ರತಿ ತಿಂಗಳ ಕೊನೆಯ ಹತ್ತು ದಿನ ಪ್ರೊಜೆಸ್ಟರಾನ್ ಸೇರಿಸಿದರು. ಆಮೇಲೆ ಇನ್ನೊಮ್ಮೆ ದುರ್ಬೀನು ಹಾಕಿ ನೋಡಿ, ಒಳಗೆ ಏನೂ ಉಳಿದಿಲ್ಲವೆಂದರು. ಆ ವೇಳೆಗೆ ಬಿಳುಪು ನಿಂತಿತ್ತು. ಮುಟ್ಟಿನ ಎರಡನೆಯ ದಿನ ನಾನು ಹಲಗೆಯ ಮುಂದೆ ನಿಂತು ಪೂರ್ತಿ ಪಾಠ ಮಾಡಿದೆ. ಆರು ವರ್ಷಗಳಲ್ಲಿ ಅದು ಮೊದಲ ಬಾರಿ.

ಆ ದೀಪಾವಳಿಯ ರಜೆಯಲ್ಲಿ ಹಳೆಯ ಕ್ಲಿನಿಕ್ಕಿನ ಕಡತವನ್ನು ಎಸೆಯಲೆಂದು ತೆಗೆದವಳು, ಅಭ್ಯಾಸಬಲದಿಂದ ಒಂದೊಂದೇ ಹಾಳೆ ಓದುತ್ತ ಕುಳಿತೆ. 2015ರ ಸೋನೋಗ್ರಫಿ ವರದಿಯ ಕೊನೆಯ ಸಾಲುಗಳಲ್ಲಿ, ಗರ್ಭಕೋಶದ ಒಳಗೆ "ಎಕೋಜೆನಿಕ್ ಫೋಕಸ್" ಕಂಡಿದೆ ಎಂದು ಅಚ್ಚಾಗಿತ್ತು. ಹೊಳೆಯುವ ಒಂದು ಕಲೆ ಎಂದು ಅದರ ಅರ್ಥ. ನನ್ನ ಮೂಳೆ ಮೂರು ವರ್ಷ ಮೊದಲೇ ಕಾಗದಕ್ಕೆ ಬಂದು, ನನ್ನ ಬೀರುವಿನಲ್ಲೇ ಮಲಗಿತ್ತು. ಆ ಕ್ಲಿನಿಕ್ಕಿನವರು ಕೋಶಿಕೆಯ ಅಳತೆ ಬರೆದ ಸಾಲನ್ನು ಓದಿ ಹಾಳೆ ಮಡಚಿದ್ದರು. ನನಗೆ ಬಂದ ಸಿಟ್ಟು ಸಣ್ಣದಲ್ಲ. ನಾಲ್ಕು ಸಾಲಿನ ವರದಿಯನ್ನು ಪೂರ್ತಿ ಓದದವರು ಎರಡು ಲಕ್ಷದ ಚಿಕಿತ್ಸೆ ಹೇಳಲು ಹೊರಟಿದ್ದರಲ್ಲ ಎಂದು. ಆದರೆ ಅದೇ ಸಾಲಿನ ಮುಂದೆ ಇನ್ನೂ ಎರಡು ಪದಗಳಿದ್ದವು: "ಕ್ಲಿನಿಕಲ್ ಕೋರಿಲೇಷನ್". ರೋಗಿಯ ಹಿನ್ನೆಲೆಯೊಂದಿಗೆ ತಾಳೆ ನೋಡಿ ಎಂದು. ತಾಳೆ ನೋಡಲು ಆ ಕಡತದಲ್ಲಿ ನನ್ನ ಹಿನ್ನೆಲೆ ಎಲ್ಲಿತ್ತು? ಮೊದಲ ಹಾಳೆಯಲ್ಲಿ ನನ್ನದೇ ದುಂಡಗಿನ ಅಕ್ಷರದಲ್ಲಿ "ಇಲ್ಲ" ಎಂದು ಇತ್ತು. ಕಡತವನ್ನು ಎಸೆಯಲಿಲ್ಲ.

2019ರ ಫೆಬ್ರುವರಿಯಲ್ಲಿ, ಮಾತ್ರೆಯಿಲ್ಲದೆ, ಸೂಜಿಯಿಲ್ಲದೆ, ಯಾರೂ ಏನನ್ನೂ ಅಳೆಯದೆ, ಮುಟ್ಟು ತಪ್ಪಿತು. ಒಂಬತ್ತು ದಿನ ನಾನು ಯಾರಿಗೂ ಹೇಳಲಿಲ್ಲ, ಹತ್ತನೆಯ ದಿನ ಅತ್ತೆಯೇ ಕಂಡುಹಿಡಿದರು. ಹೆಸರು ನೋಂದಾಯಿಸಲು ಪರೇಲಿಗೆ ಹೋದಾಗ ನಾವು ಬೇಡವೆಂದರೂ ಕೇಳದೆ ಅವರು ಜೊತೆಗೆ ಬಂದರು. ಬಸುರಿಯರ ಒಪಿಡಿಯಲ್ಲಿ ದಾದಿ ಹೊಸ ಕೇಸ್ ಪೇಪರ್ ತೆರೆದು, ತಲೆಯೆತ್ತದೆ, "ಪಹಿಲಾ?" ಎಂದು ಕೇಳಿದಳು. ಇದು ಮೊದಲನೆಯದೇ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ, ಮುಂಬಯಿಗೆ ಬಂದು ಐದು ವರ್ಷವಾದರೂ ತರಕಾರಿಯವನ ಹತ್ತಿರ ಬಿಟ್ಟು ಬೇರೆಲ್ಲೂ ಮರಾಠಿ ಆಡದ ಅತ್ತೆ, ಮೇಜಿನ ಮೇಲೆ ಕೈಯೂರಿ ಬಗ್ಗಿ, "ದುಸ್ರಾ" ಎಂದರು.